ಮನೆಯಲ್ಲೇ ಮಾಡಿದ ವೈಸ್: ಮುಚ್ಚುವಾಗ ಬಿಗಿ, ತೆರೆದರೆ ಅಲುಗಾಟ

ಟಿಳಕವಾಡಿ, ಬೆಳಗಾವಿ
ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್ಡಿನಲ್ಲಿ ಮೂರು ವಾರದಿಂದ ಒಂದು ವೈಸ್, ಅಂದರೆ ಸಾಮಾನನ್ನು ಎರಡು ಬಾಯಿಯ ನಡುವೆ ತಿರುಪಿನಿಂದ ಬಿಗಿದು ಹಿಡಿಯುವ ಸಾಧನ, ಮಾಡುತ್ತಿದ್ದೇನೆ. ಪೈಪು ಹಿಡಿಯಬೇಕು, ಪಟ್ಟಿ ಬಗ್ಗಿಸಬೇಕು, ಅರ ಹಾಕುವಾಗ ಕದಲಬಾರದು. ಎಲ್ಲದಕ್ಕೂ ಒಂದೇ ವೈಸ್ ಸಾಕಾಗಬೇಕು ಅನ್ನೋದು ಆಸೆ. ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ಹೊರಗಿನ ಚೌಕ ಪೈಪು 50 × 50, ದಪ್ಪ 4 ಮಿ.ಮೀ., ಉದ್ದ 200. ಒಳಗೆ ಜಾರುವುದು 40 × 40. ಲೆಕ್ಕಕ್ಕೆ ಒಟ್ಟು 2 ಮಿ.ಮೀ. ಸಡಿಲ ಇರಬೇಕು. ತಿರುಪು ಎಂ20 (20 ಮಿ.ಮೀ. ದಪ್ಪದ್ದು). ಅದರ ನಟ್ಟು ಹಿಂದಿನ ಪ್ಲೇಟಿನಲ್ಲಿದೆ, ಆ ಪ್ಲೇಟು ನಾಲ್ಕು ಬೋಲ್ಟಿನ ಮೇಲೆ ನಿಂತಿದೆ. ಹೊರಗಿನ ಪೈಪನ್ನು 6 ಮಿ.ಮೀ. ಪ್ಲೇಟಿನ ಮೇಲಿಟ್ಟು ಎರಡೂ ಬದಿಗೆ ಉದ್ದಕ್ಕೂ ವೆಲ್ಡ್ ಮಾಡಿದ್ದೇನೆ.

ಸಮಸ್ಯೆ ಎರಡು. ಬಾಯಿ ಮುಚ್ಚುತ್ತಾ ಬಂದಾಗ ಕೊನೆಯ 40 ಮಿ.ಮೀ. ಸಿಕ್ಕಾಪಟ್ಟೆ ಬಿಗಿ, ಹಿಡಿಕೆಗೆ ಜೋತು ಬೀಳಬೇಕು. ಅದೇ 110 ಮಿ.ಮೀ. ತೆರೆದು ಏನಾದರೂ ಹಿಡಿದರೆ ಮುಂದಿನ ಬಾಯಿ ಹೊರಕ್ಕೆ ವಾಲುತ್ತದೆ, ಮೇಲೆ ಹಿಡಿದದ್ದು ಜಾರುತ್ತದೆ. ಒಂದೇ ವೈಸ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹೇಗೆ ಸಾಧ್ಯ?

ವಿಜಯಪುರ
ಒಳಗಿನ ಪೈಪಿಗೆ ಗ್ರೈಂಡರ್ ಹಿಡಿದು ನಾಲ್ಕೂ ಕಡೆ ಸ್ವಲ್ಪ ಸವೆಸಿ, ಗ್ರೀಸ್ ಹಾಕಿ. ನಾನು ಹಾಗೇ ಮಾಡಿದ್ದೆ, ಸಲೀಸಾಗಿ ಓಡುತ್ತದೆ.

ಉದ್ಯಮಬಾಗ, ಬೆಳಗಾವಿ
ತಮ್ಮಾ, ಗ್ರೈಂಡರ್ ಈಗಲೇ ಮುಟ್ಟಬೇಡ. ವಿಜಯಪುರದವರು ಹೇಳಿದ್ದರಿಂದ ಬಿಗಿ ಹೋಗುತ್ತದೆ, ನಿಜ. ಆದರೆ ನಿನ್ನ ಬಾಯಿ ಆಗಲೇ ವಾಲುತ್ತಿದೆ. ಸವೆಸಿದಷ್ಟೂ ಅದು ಜಾಸ್ತಿ ಆಗುತ್ತದೆ. ಸವೆಸಿದ ಕಬ್ಬಿಣ ವಾಪಸ್ ಬರಲ್ಲ.

ಮೊದಲು ಎಲ್ಲಿ ತಾಗುತ್ತಿದೆ ಅಂತ ನೋಡು. ಒಳಗಿನ ಪೈಪಿಗೆ ನಾಲ್ಕೂ ಮುಖಕ್ಕೆ ಮಾರ್ಕರ್ ಪೆನ್ನಿನ ಮಸಿ ಬಳಿ. ತಿರುಪು ತೆಗೆದು ಕೈಯಿಂದಲೇ ಒಳಗೆ ತಳ್ಳಿ ಎಳೆ. ಮಸಿ ಅಳಿಸಿದ ಜಾಗ ಹೇಳು. ಹಾಗೇ ಹೊರಗಿನ ಪೈಪಿನ ಮೇಲ್ಮುಖಕ್ಕೆ ಒಂದು ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಎರಡೂ ತುದಿಯಲ್ಲಿ ಎಷ್ಟು ಬೆಳಕು ಕಾಣುತ್ತದೆ ನೋಡು.

ಟಿಳಕವಾಡಿ
ನೋಡಿದೆ ಕಾಕಾ. ಮೇಲ್ಮುಖದ ನಡುವೆ ಉದ್ದಕ್ಕೂ ಒಂದು ಸಣ್ಣ ಗೆರೆಯಂತೆ ಮಸಿ ಹೋಗಿ ಕಬ್ಬಿಣ ಹೊಳೆಯುತ್ತಿದೆ. ಕೆಳಮುಖದಲ್ಲಿ ನಡುಭಾಗ ಮಾತ್ರ ಉಜ್ಜಿದೆ. ಅಕ್ಕಪಕ್ಕ ಏನೂ ತಾಗಿಲ್ಲ. ಸ್ಕೇಲು ನಡುವೆ ಕೂರುತ್ತದೆ, ಎರಡೂ ತುದಿಯಲ್ಲಿ ಸುಮಾರು 1 ಮಿ.ಮೀ. ಬೆಳಕು.

ಉದ್ಯಮಬಾಗ
ಹಾಗಾದರೆ ಎರಡು ತಪ್ಪು ಒಟ್ಟಿಗೆ ಸೇರಿವೆ.

ಒಂದು, ಆ ಗೆರೆ. ಚೌಕ ಪೈಪನ್ನು ಪಟ್ಟಿ ಮಡಚಿ ಉದ್ದಕ್ಕೂ ಬೆಸೆದು ಮಾಡಿರುತ್ತಾರೆ. ಹೊರಗಿನ ಏಣನ್ನು ಕೆತ್ತಿ ಕಳಿಸುತ್ತಾರೆ, ಒಳಗಿನದು ಹಾಗೇ ಉಳಿದಿರುತ್ತದೆ. ಬೆರಳು ತೂರಿಸಿದರೆ ಸಿಗುತ್ತದೆ. ನಿನ್ನದರಲ್ಲಿ ಅದು ಛಾವಣಿಯ ಕಡೆ ಬಂದಿದೆ, ಹೆಚ್ಚುಕಡಿಮೆ 1 ಮಿ.ಮೀ. ತಿಂದಿದೆ.

ಎರಡು, ಸೊಟ್ಟ. ವೆಲ್ಡ್ ಆರುವಾಗ ಕುಗ್ಗುತ್ತದೆ. ನೀನು ಕೆಳಗಡೆ ಮಾತ್ರ ಉದ್ದಕ್ಕೂ ಎಳೆದಿದ್ದೀಯ, ಅದಕ್ಕೇ ಪೈಪಿನ ಎರಡೂ ತುದಿ ಕೆಳಕ್ಕೆ ಬಗ್ಗಿ ಬೆನ್ನು ಎದ್ದಿದೆ. ಅಲ್ಲಿಗೆ ಇನ್ನೊಂದು ಮಿಲಿಮೀಟರ್ ಹೋಯಿತು. ಇದ್ದದ್ದೇ ಎರಡು. ಒಳಪೈಪು ಪೂರ್ತಿ ಒಳಗೆ ಹೋದಾಗ ಉಸಿರಾಡಲು ಜಾಗ ಇಲ್ಲ.

ತೆರೆದಾಗ ಕಥೆಯೇ ಬೇರೆ. 110 ತೆರೆದರೆ ಒಳಗೆ ಉಳಿಯುವುದು 90 ಮಿ.ಮೀ. ಅಷ್ಟು ಗಿಡ್ಡ ತುಂಡಿಗೆ ಸೊಟ್ಟ ಲೆಕ್ಕಕ್ಕೇ ಬರಲ್ಲ, ಹತ್ತಿರ ಹತ್ತಿರ 1 ಮಿ.ಮೀ. ಆಟ (ಅಲುಗಾಡಲು ಜಾಗ) ಸಿಗುತ್ತದೆ. ಬಾಯಿ ಎಷ್ಟು ಎತ್ತರ ಇದೆ? 75 ಅಂತ ಹಿಡಿದರೆ, ಬಾಯಿಯ ತುದಿ ಮುಕ್ಕಾಲು ಮಿಲಿಮೀಟರಿಗಿಂತ ಜಾಸ್ತಿಯೇ ಹೊರಕ್ಕೆ ವಾಲುತ್ತದೆ. ಕಾಗದ ಹಿಡಿಯಲ್ಲ.

ಟಿಳಕವಾಡಿ
ಸರಿಯಾಗಿ 75! ಈಗೇನು ಮಾಡಲಿ ಕಾಕಾ? ವೆಲ್ಡ್ ಕತ್ತರಿಸಿ ಮತ್ತೆ ಮಾಡಲೇ?

ಉದ್ಯಮಬಾಗ
ಬೇಡ. ಮೊದಲು ಸೊಟ್ಟ ತೆಗಿ. ಒಳಪೈಪು, ತಿರುಪು ಎಲ್ಲ ಹೊರಗೆ. ಗ್ಯಾಸ್ ಟಾರ್ಚ್ ಇರುವ ವೆಲ್ಡಿಂಗ್ ಅಂಗಡಿಗೆ ಒಯ್ಯಿ. ಮೇಲ್ಮುಖದ ನಡುವೆ ರೂಪಾಯಿ ನಾಣ್ಯದಷ್ಟು ಜಾಗ ಕೆಂಪಗೆ ಕಾಯಿಸಿ, ಗಾಳಿಯಲ್ಲೇ ಆರಲು ಬಿಡಬೇಕು. ನೀರು ಹಾಕಬಾರದು. ಕೆಳಗಿನ ವೆಲ್ಡ್ ಹೇಗೆ ಕುಗ್ಗಿ ಎಳೆಯಿತೋ ಹಾಗೇ ಈ ಜಾಗವೂ ಮೇಲಿನಿಂದ ಎಳೆಯುತ್ತದೆ. ಆರಿದ ಮೇಲೆ ಸ್ಕೇಲಿಟ್ಟು ನೋಡು. ಸಾಲದಿದ್ದರೆ ಪಕ್ಕದಲ್ಲಿ ಇನ್ನೊಂದು. ಒಂದೇ ಸಲಕ್ಕೆ ನಾಲ್ಕು ಕಡೆ ಕಾಯಿಸಿದರೆ ಉಲ್ಟಾ ಬಗ್ಗುತ್ತದೆ, ಅವಸರ ಬೇಡ.

ಆಮೇಲೆ ಹಿಂದಿನ ಪ್ಲೇಟು ಬಿಚ್ಚಿ, ಹೊರಗಿನ ಪೈಪಿನ ಎರಡೂ ತುದಿಯಿಂದ ಚಪ್ಪಟೆ ಅರ ತೂರಿಸಿ ಒಳಗಿನ ಏಣು ತೆಗಿ. ಬೇಜಾರಿನ ಕೆಲಸ, ಒಂದು ಸಂಜೆ ಹಿಡಿಯುತ್ತದೆ.

ಆಗ ಬಿಗಿ ಪೂರ್ತಿ ಹೋಗುತ್ತದೆ, ಆದರೆ ಆಟ ಮೊದಲಿಗಿಂತ ಜಾಸ್ತಿ ಆಗುತ್ತದೆ. ಹೆದರಬೇಡ. ವೈಸ್ ಬಿಗಿದಾಗ ಒಳಪೈಪಿನ ಬಾಲ ಮೇಲೆದ್ದು ಛಾವಣಿಗೆ ತಾಗುತ್ತದೆ, ಮುಂದುಗಡೆ ನೆಲಕ್ಕೆ ಒತ್ತುತ್ತದೆ. ಹಾಗಾಗಿ ಬಾಲದ ತುದಿಯಲ್ಲಿ, ಮೇಲ್ಮುಖಕ್ಕೆ ಮಾತ್ರ ಒಂದು ಹಿತ್ತಾಳೆ ಪಟ್ಟಿ ಕೂರಿಸು. ಎರಡು ಸಣ್ಣ ಸ್ಕ್ರೂ ಸಾಕು, ತಲೆ ಪಟ್ಟಿಯೊಳಗೆ ಇಳಿದಿರಬೇಕು. ಎಷ್ಟು ದಪ್ಪ ಅಂತ ಫೀಲರ್ ಗೇಜು (ಸಂದಿಗೆ ತೂರಿಸಿ ಅಳೆಯುವ ತೆಳು ತಗಡುಗಳು) ಹೇಳಲಿ, ಕಣ್ಣಂದಾಜು ಬೇಡ.

ಬಾಗಲಕೋಟೆ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಟ್ಟು ಯಾವುದು ಹಾಕಿದ್ದೀರಿ? ಸಾಮಾನ್ಯ ಎಂ20 ನಟ್ಟು ಆದರೆ ಅದನ್ನೂ ಈಗಲೇ ಬದಲಿಸಿ. 200 ಮಿ.ಮೀ. ಹಿಡಿಕೆಗೆ 15 ಕೆಜಿ ಬಲ ಹಾಕಿದರೆ, ಘರ್ಷಣೆಗೆ ಹೋದದ್ದು ಕಳೆದರೂ ಮುಕ್ಕಾಲು ಟನ್ನಿನ ಆಸುಪಾಸು ಬೀಳುತ್ತದೆ. ದಿನಾ ಬಿಚ್ಚಿ ಹಾಕಿದರೆ ಸಣ್ಣ ನಟ್ಟಿನ ಥ್ರೆಡ್ ಸವೆದುಹೋಗುತ್ತದೆ. ನನ್ನದು ಒಂದು ವರ್ಷಕ್ಕೇ ಹೋಯಿತು. ಉದ್ದದ ಕಪ್ಲಿಂಗ್ ನಟ್ಟು ಹಾಕಿದೆ. ಅದಕ್ಕೆ ಸತುವಿನ ಲೇಪ ಇದ್ದರೆ ವೆಲ್ಡ್ ಮಾಡುವ ಮೊದಲು ಉಜ್ಜಿ ತೆಗೆಯಿರಿ. ಆ ಹೊಗೆ ಕುಡಿದು ನನಗೆ ರಾತ್ರಿಯೆಲ್ಲ ಚಳಿಜ್ವರ ಬಂದಿತ್ತು.

ಉದ್ಯಮಬಾಗ
ಒಳ್ಳೆಯ ಮಾತು. ಬಾಯಿ ಪೂರ್ತಿ ಮುಚ್ಚಿ, ತಿರುಪು ತೂರಿಸಿಟ್ಟೇ ನಟ್ಟಿಗೆ ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್) ಹಾಕು. ಬೇರೆ ಇಟ್ಟು ಬೆಸೆದರೆ ತಿರುಪು ಪೈಪಿಗೆ ಸೊಟ್ಟ ನಿಂತು ಮತ್ತೆ ಬಿಗಿ ಶುರು.

ಟಿಳಕವಾಡಿ
ಹತ್ತು ದಿನ ಆಯಿತು, ಮಳೆಯಿಂದ ಶೆಡ್ಡಿನ ಕೆಲಸ ನಿಧಾನ. ಎರಡು ಜಾಗ ಕಾಯಿಸಿದ ಮೇಲೆ ಸೊಟ್ಟ 0.3ಕ್ಕೆ ಇಳಿಯಿತು. ಏಣು ಹೋಯಿತು. 1.5 ಮಿ.ಮೀ. ಹಿತ್ತಾಳೆ ಪಟ್ಟಿ ಕೂತಿದೆ. ಕಪ್ಲಿಂಗ್ ನಟ್ಟೂ ಹಾಕಿದೆ. ಈಗ ಎರಡು ಬೆರಳಲ್ಲಿ ಹಿಡಿಕೆ ತಿರುಗುತ್ತದೆ, ಕೊನೆಯವರೆಗೂ! ಆದರೆ ಪೂರ್ತಿ ತೆರೆದು ಬಿಗಿದರೆ ಇನ್ನೂ 0.4 ಮಿ.ಮೀ. ವಾಲುತ್ತದೆ.

ಉದ್ಯಮಬಾಗ
ಭೇಷ್. ಆ 0.4 ಅನ್ನು ಪೈಪಿನಲ್ಲಿ ಹುಡುಕಬೇಡ, ಬಾಯಿಯಲ್ಲಿ ಸರಿಮಾಡು. ಮುಂದಿನ ಬಾಯಿಯ ಪ್ಲೇಟಿನ ಹಿಂದೆ, ಮೇಲಂಚಿಗೆ ಅಷ್ಟೇ ದಪ್ಪದ ತಗಡಿನ ಪಟ್ಟಿ ಇಡು. ಸುಮ್ನೆ ಮುಚ್ಚಿದಾಗ ಮೇಲೆ ಮೊದಲು ತಾಗುತ್ತದೆ, ಬಿಗಿದಾಗ ಸಮ ಆಗುತ್ತದೆ. ಮೇಲೊಂದು ಕೆಳಗೊಂದು ಕಾಗದದ ಚೂರು ಹಿಡಿಸಿ ಎಳೆದು ನೋಡು. ಎರಡೂ ಬರಬಾರದು.

ಟಿಳಕವಾಡಿ
ಪ್ಲೇಟು ಇನ್ನೂ ಹಾಕಿಲ್ಲ. ಗುಜರಿಯಲ್ಲಿ ಲಾರಿಯ ಪಟ್ಟಾ ಸ್ಪ್ರಿಂಗ್ ಸಿಕ್ಕಿದೆ. ಅದನ್ನೇ ಬಾಯಿಗೆ ವೆಲ್ಡ್ ಮಾಡಬಹುದಾ?

ಉದ್ಯಮಬಾಗ
ವೆಲ್ಡ್ ಬೇಡ, ಬೆಸುಗೆಯ ಅಂಚಿನಲ್ಲೇ ಬಿರುಕು ಬಿಡುತ್ತದೆ. ಕೆಂಪಗೆ ಕಾಯಿಸಿ, ಒಣ ಬೂದಿಯಲ್ಲಿ ಹೂತು, ರಾತ್ರಿಯೆಲ್ಲ ಬಿಡು. ಬೆಳಗ್ಗೆ ಡ್ರಿಲ್ ಇಳಿಯುತ್ತದೆ. ಪ್ಲೇಟಿಗೆ 9 ಮಿ.ಮೀ. ತೂತು, ಬಾಯಿಗೆ 6.8 ಕೊರೆದು ಎಂ8 ಟ್ಯಾಪಿನಿಂದ ಒಳಗೆ ಥ್ರೆಡ್ ಕೊರಿ. ಬೋಲ್ಟಿನ ಮೇಲೆ ನಿಂತರೆ ನಿನ್ನ ಆಸೆಯೂ ತೀರುತ್ತದೆ: ಪೈಪಿಗೆ ಆ್ಯಂಗಲ್ ತುಂಡಿನ ವಿ ಬಾಯಿ, ನುಣುಪು ಸಾಮಾನಿಗೆ ಅಲ್ಯೂಮಿನಿಯಂ ಬಾಯಿ, ಬೇಕಾದಾಗ ಬೇಕಾದ್ದು ಬದಲಿಸಿಕೊಳ್ಳಬಹುದು.

ಟಿಳಕವಾಡಿ
ಇವತ್ತು ರಾತ್ರಿಯೇ ಬೂದಿಗೆ ಹಾಕುತ್ತೇನೆ ಕಾಕಾ.