ಕರೆಂಟ್ ಹೋದಾಗ ಇನ್ವರ್ಟರ್ ಔಟ್‌ಪುಟ್ ಬರುತ್ತಿಲ್ಲ, ಬ್ಯಾಟರಿ ಸರಿ ಇದೆ (ದಾವಣಗೆರೆ)

ನಿಟ್ಟುವಳ್ಳಿ_ಮನೆ
ಸಾಕಾಗಿ ಹೋಗಿದೆ. 900 ವಿಎ ಇನ್ವರ್ಟರ್, 150 ಎಎಚ್ ಟ್ಯೂಬುಲರ್ ಬ್ಯಾಟರಿ. ಕರೆಂಟ್ ಹೋದರೆ ಮನೆಯೆಲ್ಲ ಕತ್ತಲೆ. ಬ್ಯಾಟರಿಗೆ ಎರಡು ವರ್ಷವೂ ಆಗಿಲ್ಲ. ಇಬ್ಬರು ಸೇರಿ ಹೊತ್ತು ಅಂಗಡಿಗೆ ಒಯ್ದೆವು. ಮೀಟರ್ ಇಟ್ಟು ನೋಡಿ, 12.7 ವೋಲ್ಟ್ ಇದೆ, ಏನೂ ಆಗಿಲ್ಲ ಎಂದರು. ಫ್ಯೂಸ್ ಸರಿ ಇದೆ. ಮಗಳಿಗೆ ಪಿಯುಸಿ ಪರೀಕ್ಷೆ ಹತ್ತಿರ ಬಂದಿದೆ. ಈ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಹೇಗೆ ಓದುತ್ತಾಳೆ? ಹೊಸ ಇನ್ವರ್ಟರ್ ತಗೋಬೇಕಾ?

ಸೋಲ್ಡರ್_ಹರಿಹರ
ಮಾಸ್ಫೆಟ್ (ಬ್ಯಾಟರಿ ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಹೋಗಿದೆ ಸರ್. ಮುಚ್ಚಳ ಬಿಚ್ಚಿ, ಬಿಸಿ ಹೊರಹಾಕುವ ಲೋಹದ ಪಟ್ಟಿ, ಅಂದರೆ ಹೀಟ್‌ಸಿಂಕ್ ಮೇಲೆ ಸಾಲಾಗಿ ಇರುತ್ತವೆ. ಹೊಸ ಸೆಟ್ ಹಾಕಿಸಿದರೆ ಆಯಿತು, ಹೊಸ ಇನ್ವರ್ಟರ್ ಬೇಡ.

ಚಳ್ಳಕೆರೆ_ವೈರಿಂಗ್
ಸ್ವಲ್ಪ ತಡೆಯಿರಿ. ಔಟ್‌ಪುಟ್ ಬರುವುದೇ ಇಲ್ವಾ, ಬಂದು ಹೋಗುತ್ತಾ? ಬೀಪ್ ಬರುತ್ತಾ? ಯಾವ ಲೈಟ್ ಉರಿಯುತ್ತದೆ? ಹಿಂದೆ ಬೈಪಾಸ್ ಸ್ವಿಚ್ (ಇನ್ವರ್ಟರ್ ಬಿಟ್ಟು ಕರೆಂಟ್ ನೇರ ಕೊಡುವುದು) ಇದ್ದರೆ ಅದು ಯಾವ ಕಡೆ ಇದೆ?

ನಿಟ್ಟುವಳ್ಳಿ_ಮನೆ
ಬೈಪಾಸ್ ಸರಿಯಾಗೇ ಇದೆ. ಬಂದು ಹೋಗುತ್ತದೆ. ಹತ್ತು ಹದಿನೈದು ಸೆಕೆಂಡು ಫ್ಯಾನ್ ತಿರುಗುತ್ತದೆ, ಆಮೇಲೆ ಬೀಪ್ ಹೊಡೆದು ಲೋ ಬ್ಯಾಟರಿ ಲೈಟ್ ಬಂದು ಆಫ್. ಇದನ್ನು ಮೊದಲೇ ಹೇಳಿದ್ದೆ ಅಂದುಕೊಂಡಿದ್ದೆ.

ಸೋಲ್ಡರ್_ಹರಿಹರ
ನೋಡಿ, ಲೋಡ್ (ಫ್ಯಾನ್, ಲೈಟ್) ಬಿದ್ದಾಗ ಕೂರುತ್ತಿದೆ. ನಾಲ್ಕರಲ್ಲಿ ಒಂದು ಮಾಸ್ಫೆಟ್ ಹೋದರೂ ಹೀಗೇ ಆಗುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು, ನಾನೇ ಬದಲಾಯಿಸಿದೆ.

ಚಳ್ಳಕೆರೆ_ವೈರಿಂಗ್
ಮಾಸ್ಫೆಟ್ ಶಾರ್ಟ್ ಆಗಿದ್ದರೆ ಫ್ಯೂಸ್ ಮೊದಲು ಹೋಗುತ್ತಿತ್ತು. ಇವರಿಗೆ ಲೋ ಬ್ಯಾಟರಿ ಲೈಟ್ ಬರುತ್ತಿದೆ. ಅಂದರೆ ಇನ್ವರ್ಟರಿನ ಕಣ್ಣಿಗೆ 10.5 ವೋಲ್ಟ್ ಆಸುಪಾಸು ಕಾಣುತ್ತಿದೆ, ಅದಕ್ಕೇ ಕಟ್ ಮಾಡುತ್ತಿದೆ. ಅಂಗಡಿಯವರು ಲೋಡ್ ಇಲ್ಲದೆ 12.7 ನೋಡಿದರೆ ಏನೂ ಗೊತ್ತಾಗಲ್ಲ. ಆಸಿಡ್ ಎಷ್ಟು ಗಟ್ಟಿ ಇದೆ ಅಂತ ತೋರಿಸುವ ಹೈಡ್ರೋಮೀಟರ್ ಇಟ್ಟು ಆರೂ ಸೆಲ್ ನೋಡಿ ಹೇಳಿ.

ದುರ್ಗದ_ಬಿಸಿಲು
ಇನ್ನೂ ಆಸಿಡ್ ಬ್ಯಾಟರಿ ಯಾಕೆ ಸರ್? ನಾನು ಚಿತ್ರದುರ್ಗದಲ್ಲಿ ಮನೆ ಮೇಲೆ 335 ವಾಟಿನ ಆರು ಪ್ಯಾನೆಲ್ ಹಾಕಿದ್ದೇನೆ. ಎಂಟು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್, 25.6 ವೋಲ್ಟ್, 100 ಎಎಚ್. ನೀರು ಹಾಕುವ ಕೆಲಸವೇ ಇಲ್ಲ. ಫ್ರಿಜ್ ಕೂಡ ಅದರಲ್ಲೇ ನಡೆಯುತ್ತದೆ.

ನಿಟ್ಟುವಳ್ಳಿ_ಮನೆ
ಆರೂ ಸೆಲ್ 1230ರಿಂದ 1240 ಇದೆ. ನೀರಿನ ಮಟ್ಟವೂ ಸರಿ ಇದೆ, ಹೋದ ತಿಂಗಳು ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದು ಹಾಕಿದ್ದೆ.

ಸೋಲ್ಡರ್_ಹರಿಹರ
ಎಸಿ ನೀರು ಒಳ್ಳೆಯದೇ, ಅದೂ ಡಿಸ್ಟಿಲ್ಡ್ ವಾಟರ್ ತಾನೆ.

ಬೆಣ್ಣೆದೋಸೆ_12ವಿ
ಅಲ್ಲ. ಅದು ಕಾಯಿಲ್ ಮೇಲೆ ಹರಿದು ಬರುವ ನೀರು. ಧೂಳು, ಲೋಹದ ಅಂಶ ಎಲ್ಲ ಸೇರಿಕೊಂಡಿರುತ್ತದೆ. ನಾವು ಆರ್‌ಒ ನೀರು ಹಾಕುತ್ತೇವೆ.

ಚಳ್ಳಕೆರೆ_ವೈರಿಂಗ್
ಆರ್‌ಒ ನೀರಿನಲ್ಲೂ ಸ್ವಲ್ಪ ಉಪ್ಪು ಉಳಿದಿರುತ್ತದೆ, ಅದೂ ಬೇಡ. ನಮ್ಮ ಕಡೆ ಬೋರ್ ನೀರು ಹಾಕಿ ಕೆಡಿಸಿಕೊಂಡ ಬ್ಯಾಟರಿಗಳನ್ನು ಎಷ್ಟೋ ನೋಡಿದ್ದೇನೆ. ಕ್ಯಾನ್ ಡಿಸ್ಟಿಲ್ಡ್ ವಾಟರ್ ತಂದು ಹಾಕಿ. ಈ ಮಾತು ಇಲ್ಲಿಗೆ ಸಾಕು.

ಸರ್, ನಿಮ್ಮ ಸೆಲ್‌ಗಳು ಚೆನ್ನಾಗಿವೆ. ಈಗ ಒಂದೇ ಕೆಲಸ ಮಾಡಿ. ಮೇನ್ ಆಫ್ ಮಾಡಿಸಿ, ಫ್ಯಾನ್, ಲೈಟ್, ಟಿವಿ ಎಲ್ಲ ಹಾಕಿ. ಅದು ನಡೆಯುವ ಹತ್ತು ಸೆಕೆಂಡಿನಲ್ಲಿ ಬ್ಯಾಟರಿ ಟರ್ಮಿನಲ್‌ನ ಸೀಸದ ಮೇಲೇ ಮೀಟರ್ ಇಡಿ, ವೈರ್ ತುದಿಯ ಲೋಹದ ಕೊಂಡಿ (ಲಗ್) ಮೇಲೆ ಅಲ್ಲ. ಇನ್ನೊಂದು ಸಲ ಇನ್ವರ್ಟರಿನ ಹಿಂದೆ ವೈರ್ ಸೇರುವ ಜಾಗದಲ್ಲಿ ಇಡಿ. ಎರಡೂ ಅಂಕಿ ಬರೆಯಿರಿ.

ನಿಟ್ಟುವಳ್ಳಿ_ಮನೆ
ಬ್ಯಾಟರಿ ಹತ್ತಿರ 12.1. ಇನ್ವರ್ಟರ್ ಹತ್ತಿರ 10.2. ಮೂರು ಸಲ ನೋಡಿದೆ.

ಚಳ್ಳಕೆರೆ_ವೈರಿಂಗ್
1.9 ವೋಲ್ಟ್ ದಾರಿಯಲ್ಲೇ ಹೋಗುತ್ತಿದೆ. ವೈರ್ ಎಷ್ಟು ಉದ್ದ? ಕಂಪನಿಯಿಂದ ಬಂದದ್ದೇನಾ?

ನಿಟ್ಟುವಳ್ಳಿ_ಮನೆ
ಅಲ್ಲ. ಮನೆಗೆ ಬಣ್ಣ ಹೊಡೆಸಿದಾಗ ಬ್ಯಾಟರಿಯನ್ನು ಹಿತ್ತಲ ಕೋಣೆಗೆ ಇಟ್ಟೆವು, ಇನ್ವರ್ಟರ್ ಹಾಲ್‌ನಲ್ಲೇ ಉಳಿಯಿತು. ಬಣ್ಣದವರ ಜೊತೆ ಬಂದಿದ್ದ ಹುಡುಗ ವೈರ್ ಸೇರಿಸಿ ಉದ್ದ ಮಾಡಿಕೊಟ್ಟ. ಒಂದೊಂದು ಮೂರೂವರೆ ಮೀಟರ್, 4 ಸ್ಕ್ವೇರ್ ಎಂಎಂ. ದಪ್ಪ ವೈರೇ ಅದು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಚಳ್ಳಕೆರೆ_ವೈರಿಂಗ್
ಇದೇ ಕಾರಣ ಸರ್. ಮೂರು ಫ್ಯಾನ್, ಟಿವಿ, ಐದಾರು ಎಲ್‌ಇಡಿ ಸೇರಿ 380 ವಾಟ್ ಅನ್ನಿ. ಇನ್ವರ್ಟರ್ ತಾನು ನುಂಗುವುದನ್ನೂ ಸೇರಿಸಿದರೆ 12 ವೋಲ್ಟಿನ ಕಡೆ ಹತ್ತಿರ ಹತ್ತಿರ 40 ಆಂಪಿಯರ್ ಎಳೆಯುತ್ತದೆ. 4 ಸ್ಕ್ವೇರ್ ತಾಮ್ರದ ವೈರಿಗೆ ಮೀಟರಿಗೆ 4.6 ಮಿಲಿ ಓಮ್ ತಡೆ (ರೆಸಿಸ್ಟೆನ್ಸ್). ಹೋಗಿ ಬರಲು 7 ಮೀಟರ್, 32 ಮಿಲಿ ಓಮ್. 40 ಆಂಪಿಯರ್‌ಗೆ ಅಲ್ಲೇ 1.3 ವೋಲ್ಟ್ ಹೋಯಿತು. ಉಳಿದ 0.6 ಜೋಡಿಸಿದ ಕಡೆ ಹೋಗುತ್ತಿರಬೇಕು. ಲೋಡ್ ಹಾಕಿ ಆಫ್ ಆದ ಮೇಲೆ ಅಲ್ಲಿ ಸುತ್ತಿದ ಟೇಪ್ ಮುಟ್ಟಿ ನೋಡಿ.

ಸೋಲ್ಡರ್_ಹರಿಹರ
ಹಾಗಿದ್ದರೂ ಮುಚ್ಚಳ ಬಿಚ್ಚಿ ಒಂದು ಸಲ ಮಾಸ್ಫೆಟ್ ಚೆಕ್ ಮಾಡಿಸುವುದು ಒಳ್ಳೆಯದು.

ದುರ್ಗದ_ಬಿಸಿಲು
ನಾನು 24 ವೋಲ್ಟ್ ಮಾಡಿಕೊಂಡದ್ದು ಇದಕ್ಕೇ. ಅದೇ ಲೋಡ್‌ಗೆ 12 ವೋಲ್ಟಿನದರ ಅರ್ಧದಷ್ಟೇ ಆಂಪಿಯರ್ ಸಾಕು, ವೈರ್ ಬಿಸಿಯೇ ಆಗಲ್ಲ. ಆದರೂ 35 ಸ್ಕ್ವೇರ್ ಹಾಕಿದ್ದೇನೆ.

ನಿಟ್ಟುವಳ್ಳಿ_ಮನೆ
ಟೇಪ್ ಕೈ ಇಡಲಾಗದಷ್ಟು ಬಿಸಿ. ಬಿಚ್ಚಿದರೆ ಒಳಗೆಲ್ಲ ಕಪ್ಪು ಅಂಟು, ಇನ್ಸುಲೇಷನ್ ಮೇಣದ ಹಾಗೆ ಮೆತ್ತಗಾಗಿದೆ. ಎರಡು ವೈರ್ ಸುಮ್ನೆ ತಿರುಚಿ ಬಿಟ್ಟಿದ್ದಾನೆ. ಪಕ್ಕದಲ್ಲೇ ಮಗಳ ಹಾಸಿಗೆ. ನೋಡಿ ಎದೆ ಧಸಕ್ಕೆಂದಿತು. ಈಗ ದಪ್ಪ ವೈರ್ ತರಲಾ?

ಚಳ್ಳಕೆರೆ_ವೈರಿಂಗ್
ಬೇಡ, ಇವತ್ತು ಇನ್ವರ್ಟರ್ ಹಾಕಲೇಬೇಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ತಗುಲದಂತೆ ನೋಡಿಕೊಳ್ಳಿ. ಇನ್ವರ್ಟರನ್ನೇ ಬ್ಯಾಟರಿ ಪಕ್ಕಕ್ಕೆ ತಂದು ಕಂಪನಿ ವೈರ್ ಹಾಕಿ. ಉದ್ದ ಬೇಕಾದರೆ 230 ವೋಲ್ಟಿನ ಕಡೆ ಎಳೆಯಿರಿ. ಅದೇ 380 ವಾಟ್ ಅಲ್ಲಿ 2 ಆಂಪಿಯರ್ ಕೂಡ ಆಗಲ್ಲ. ಆ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಆ ಕೋಣೆಗೆ ಗಾಳಿ ಆಡಬೇಕು, ಮಗಳ ಹಾಸಿಗೆ ಬೇರೆ ಕಡೆ ಹಾಕಿ. ಬ್ಯಾಟರಿ ಚಾರ್ಜ್ ಆಗುವಾಗ ಗ್ಯಾಸ್ ಬಿಡುತ್ತದೆ.

ನಿಟ್ಟುವಳ್ಳಿ_ಮನೆ
ನಿನ್ನೆ ಮಾಡಿಸಿದೆ. ಲೋಡ್ ಮೇಲೆ ಬ್ಯಾಟರಿ 12.1, ಇನ್ವರ್ಟರ್ 11.9. ರಾತ್ರಿ ಒಂದೂವರೆ ಗಂಟೆ ಕರೆಂಟ್ ಇರಲಿಲ್ಲ, ಒಂದು ಸಲವೂ ಬೀಪ್ ಆಗಲಿಲ್ಲ. ಮಗಳು ಈಗ ಹಾಲ್‌ನಲ್ಲೇ ಓದುತ್ತಾಳೆ. ಚಳ್ಳಕೆರೆ ಅಣ್ಣನಿಗೆ ಕೈ ಮುಗಿಯುತ್ತೇನೆ.

ಹೊಳಲ್ಕೆರೆ_ತೋಟ
ನಮ್ಮದೂ ಹೀಗೇ ಆಫ್ ಆಗುತ್ತಿದೆ ಸರ್. ಮಾಸ್ಫೆಟ್ ಬದಲಾಯಿಸಿದ್ದೂ ಆಯಿತು.

ಚಳ್ಳಕೆರೆ_ವೈರಿಂಗ್
ಬೇರೆ ಚರ್ಚೆ ಶುರು ಮಾಡಿ. ವೈರ್ ಎಷ್ಟು ಉದ್ದ, ಎಷ್ಟು ದಪ್ಪ, ಯಾವ ಲೈಟ್ ಉರಿಯುತ್ತದೆ, ಲೋಡ್ ಮೇಲೆ ಎರಡೂ ಕಡೆ ಎಷ್ಟು ವೋಲ್ಟ್, ಇಷ್ಟು ಮೊದಲೇ ಬರೆಯಿರಿ.