ಅಪ್‌ಡೇಟ್: ನೆಟ್ ಇಲ್ಲದ ಶಾಲೆಯಲ್ಲಿ ವೆಬ್ ಪಾಠ

ಹೋದ ತಿಂಗಳು ಕೇಳಿದ್ದೆನಲ್ಲ, ನಮ್ಮ ಹಳ್ಳಿ ಹೈಸ್ಕೂಲಲ್ಲಿ ನೆಟ್‌ವರ್ಕ್ ಸಿಗೋದೇ ಇಲ್ಲ, ಹತ್ತನೇ ಕ್ಲಾಸಿಗೆ ವಿದ್ಯುತ್ ಪಾಠ ವೆಬ್ ಬಳಸಿ ಮಾಡೋದು ಹೇಗೆ ಅಂತ. 'ಫೆಟ್' ಸಿಮ್ಯುಲೇಶನ್ (ಪರದೆ ಮೇಲೇ ಪ್ರಯೋಗ ಮಾಡಿ ನೋಡೋ ಪ್ರೋಗ್ರಾಂ) ಡೌನ್‌ಲೋಡ್ ಮಾಡ್ಕೊಳ್ಳಿ ಅಂದವರಿಗೆ ದೊಡ್ಡ ನಮಸ್ಕಾರ.

ಕೊಲರಾಡೊ ವಿಶ್ವವಿದ್ಯಾಲಯದವರ ಈ ಸಿಮ್ಯುಲೇಶನ್‌ಗಳಲ್ಲಿ ಹೊಸವೆಲ್ಲ ಎಚ್‌ಟಿಎಂಎಲ್5, ಅಂದರೆ ಬ್ರೌಸರ್‌ನಲ್ಲೇ ಓಡುವ ವೆಬ್ ಪುಟಗಳು. ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಬ್ರೌಸರ್‌ನಲ್ಲಿ ತೆರೆದರೆ ಸಾಕು, ನೆಟ್ ಬೇಡ. ಮಕ್ಕಳು ಮೊದಲು ಮಾಡಿದ ಕೆಲಸ? ಬ್ಯಾಟರಿಯ ಎರಡೂ ತುದಿಗೆ ನೇರ ತಂತಿ ಸಿಕ್ಕಿಸಿ ಪರದೆ ಮೇಲೆ ಬೆಂಕಿ ಹಚ್ಚಿದ್ದು! ಕಾಲು ಗಂಟೆ ಅದೇ ಆಟ. ಗದರಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿ, "ಸರ್, ನಡುವೆ ಬಲ್ಬ್ ಹಾಕಿದ್ರೆ ಬೆಂಕಿ ಯಾಕೆ ಹತ್ಕೊಳ್ಳಲ್ಲ?" ಅಂದಳು. ಓಮ್ ನಿಯಮ (ರೋಧ ಹೆಚ್ಚಿದರೆ ಕರೆಂಟ್ ಕಡಿಮೆ) ಅಲ್ಲಿಂದ ಶುರುವಾಯ್ತು. (ಗೈಡ್ ನೋಡಿ ಬರೆದ ಪಾಠ ಯೋಜನೆ ಚೀಲದಲ್ಲೇ ಉಳೀತು.)

ಕಿವಿಕ್ಸ್‌ನಲ್ಲಿ (ನೆಟ್ ಇಲ್ಲದೆ ವಿಕಿಪೀಡಿಯ ಓದಿಸೋ ಸಾಫ್ಟ್‌ವೇರ್) ಕನ್ನಡ ವಿಕಿಪೀಡಿಯ ಹಾಕಿ, ಲ್ಯಾಪ್‌ಟಾಪ್‌ನಿಂದ ಮಕ್ಕಳ ಟ್ಯಾಬ್ಲೆಟ್‌ಗಳಿಗೆ ವೈಫೈ ಹಾಟ್‌ಸ್ಪಾಟ್ ಕೊಟ್ಟೆ. ಎಂಟಕ್ಕಿಂತ ಹೆಚ್ಚು ಸಾಧನಗಳನ್ನು ವಿಂಡೋಸ್ ಸೇರಿಸಿಕೊಳ್ಳಲಿಲ್ಲ. ಮನೆಯ ಹಳೇ ರೌಟರ್ ತಂದು ಲ್ಯಾಪ್‌ಟಾಪಿಗೆ ಜೋಡಿಸಿದ ಮೇಲೆ ಎಲ್ಲ ಟ್ಯಾಬ್‌ಗಳೂ ಸೇರಿದವು. ಕರೆಂಟ್ ಹೋದರೆ ರೌಟರ್ ಸತ್ತಂತೆ. ಅದಕ್ಕೆ ಅಗ್ಗದ ಬ್ಯಾಟರಿ ಬ್ಯಾಕಪ್ ಯಾರಾದರೂ ಬಳಸಿದ್ದೀರಾ?