ಮಳೆ ರಜೆಯಲ್ಲಿ ಬಣ್ಣದಾಟ: ಮನೆಯ ರದ್ದಿಯಲ್ಲಿ ಏನೇನು ಮಾಡಿಸಬಹುದು?

ಮಡಿಕೇರಿಯಿಂದ ಕೇಳಿದ್ದು: ಮಳೆಯಿಂದಾಗಿ ಮತ್ತೆ ರಜೆ. ಮಗಳಿಗೆ 5 ವರ್ಷ, ಮಗನಿಗೆ 3. ಹೋದ ವಾರ ತಂದ ಜಲವರ್ಣದ ಡಬ್ಬಿ ಎರಡೇ ದಿನದಲ್ಲಿ ಪೂರ್ತಿ ಕೆಸರಿನ ಬಣ್ಣಕ್ಕೆ ತಿರುಗಿತು. ಬಿಡಿಸಿದ ಹಾಳೆ ಒಣಗುವುದೂ ಇಲ್ಲ. ಮತ್ತೆ ದುಡ್ಡು ಸುರಿಯದೆ, ಮನೆಯಲ್ಲಿ ಬಿದ್ದಿರುವ ವಸ್ತುಗಳಲ್ಲೇ ಏನು ಮಾಡಿಸಬಹುದು? ಮಾಡಿ ನೋಡಿದವರು ತಿಳಿಸಿ.

ನಾಪೋಕ್ಲಿನಿಂದ: ಅಕ್ಕ, ಕೆಸರಾದದ್ದು ಮಕ್ಕಳ ತಪ್ಪಲ್ಲ, ಡಬ್ಬಿಯದ್ದು. ಹನ್ನೆರಡು ಬಣ್ಣ ಮುಂದಿಟ್ಟರೆ ಮೂರು ವರ್ಷದವನು ಹನ್ನೆರಡನ್ನೂ ಒಂದೇ ಕುಂಚದಲ್ಲಿ ಕಲಸಿಯೇ ಕಲಸುತ್ತಾನೆ. ನಾನು ಒಂದು ಹೊತ್ತಿಗೆ ಎರಡೇ ಬಣ್ಣ ಕೊಡುತ್ತೇನೆ, ಎರಡು ತೆಂಗಿನ ಕರಟಗಳಲ್ಲಿ. ಮೊಟ್ಟೆಯ ಟ್ರೇ ಚೆಂದವೆಂದು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ನೀರು ಕುಡಿದು ಅರ್ಧ ಗಂಟೆಯಲ್ಲಿ ತಳ ಬಿಟ್ಟಿತು.

ತೆಳು ಡ್ರಾಯಿಂಗ್ ಹಾಳೆಯನ್ನು ಈ ಮಳೆಯಲ್ಲಿ ಮರೆತುಬಿಡಿ. ಪಾರ್ಸೆಲ್ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಕತ್ತರಿಸಿಕೊಳ್ಳಿ. ಮದುವೆ ಕರೆಯೋಲೆಗಳ ಹಿಂಬದಿಯೂ ಆಗುತ್ತದೆ, ಆದರೆ ಮಿರುಗುವ ಕಾಗದದ್ದು ಬೇಡ, ಬಣ್ಣ ಜಾರುತ್ತದೆ. ಒಲೆಯಿಂದ ಕೈಯಳತೆಗೂ ಹೆಚ್ಚು ದೂರದಲ್ಲಿ ದಾರ ಕಟ್ಟಿ, ಬಟ್ಟೆಯ ಕ್ಲಿಪ್ ಹಾಕಿ ನೇತುಹಾಕಿದರೆ ರಾತ್ರಿ ಕಳೆಯುವುದರೊಳಗೆ ಒಣಗಿರುತ್ತದೆ.

ಇನ್ನು ಬಣ್ಣ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟಕ್ಕೆ ಸ್ವಲ್ಪ ಬಿಸಿನೀರು ಹಾಕಿ ಸೋಸಿದರೆ ಕಂದು ಬಣ್ಣ ಸಿದ್ಧ. ಒಮ್ಮೆ ಬಳಿದರೆ ತಿಳಿ, ಒಣಗಿದ ಮೇಲೆ ಮತ್ತೆ ಬಳಿದರೆ ಗಾಢ. ನಮ್ಮ ಕೊಡಗಿನ ಕಕ್ಕಡ ತಿಂಗಳ 18ನೇ ದಿನ ಪಾಯಸಕ್ಕೆಂದು ಮದ್ದು ಸೊಪ್ಪು ಕುದಿಸುತ್ತೀರಲ್ಲ, ಆ ನೀರಿನಲ್ಲಿ ಅರ್ಧ ಲೋಟ ತೆಗೆದಿಡಿ. ಅಂಥ ನೇರಳೆ ಬಣ್ಣ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ.

ಮಗಳಿಗೆ ಮಾತ್ರ ಅರಿಸಿನದ ಆಟವನ್ನು ತೋರಿಸಲೇಬೇಕು. ಅರಿಸಿನದ ನೀರನ್ನು ರಟ್ಟಿನ ಬಿಳಿ ಬದಿಗೆ ಬಳಿದು ಒಣಗಿಸಿ. ಅರ್ಧ ಚಮಚ ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಕೈಗೆ ಕೊಡಿ. ಕಡ್ಡಿ ಹೋದಲ್ಲೆಲ್ಲ ಹಳದಿಯ ಮೇಲೆ ಕೆಂಪು ಗೆರೆ ಏಳುತ್ತದೆ. ಅದರ ಮೇಲೆ ನಿಂಬೆರಸದ ಒಂದು ಹನಿ ಬಿದ್ದರೆ ಮತ್ತೆ ಹಳದಿ. ನನ್ನ ಮಗಳು ಹುಲಿ ಬರೆದು, ಪಟ್ಟೆಗಳನ್ನು ಒಂದೊಂದಾಗಿ ನಿಂಬೆರಸದಲ್ಲಿ ಅಳಿಸಿ, ಕೊನೆಗೆ "ಹಸುವಾಯಿತು" ಎಂದಳು.

ವಿರಾಜಪೇಟೆ ಕಡೆಯ ಅಂಗನವಾಡಿ ಟೀಚರ್: ಮೂರು ವರ್ಷದವನಿಗೆ ಕುಂಚವೇ ಬೇಡ, ಬೆರಳು ಸಾಕು. ಒಂದು ಪಾಲು ಮೈದಾಕ್ಕೆ ಮೂರು ಪಾಲು ನೀರು, ಒಂದು ಚಮಚ ಉಪ್ಪು ಸೇರಿಸಿ, ಗಂಟಾಗದಂತೆ ಸಣ್ಣ ಉರಿಯಲ್ಲಿ ಕಾಯಿಸಿ. ಆರಿದ ಮೇಲೆ ಬೀಟ್ರೂಟ್ ರಸವನ್ನೋ ಅರಿಸಿನವನ್ನೋ ಕಲಸಿ. ಆ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ. ನಾನು ಒಮ್ಮೆ ಡಬ್ಬಿ ತುಂಬ ಮಾಡಿಟ್ಟು, ಮೂರನೇ ದಿನ ಮುಚ್ಚಳ ತೆಗೆದರೆ ಬೂಸ್ಟು ಹಿಡಿದಿತ್ತು.

ಬೆಂಡೆಕಾಯಿಯ ತೊಟ್ಟಿನ ತುಂಡು ಹೂವಿನ ಮುದ್ರೆಯಾಗುತ್ತದೆ, ಎಸೆಯಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ ಇದ್ದರೆ ಇನ್ನೊಂದು ಆಟ. ಬೇಲಿಯ ಬದಿಯ ಜರೀಗಿಡದ ಎಲೆಯೊಂದನ್ನು ರಟ್ಟಿನ ಮೇಲಿಟ್ಟು, ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಹೆಬ್ಬೆರಳಿನಿಂದ ಕೆರೆದರೆ ತುಂತುರು ಬೀಳುತ್ತದೆ. ಎಲೆ ಎತ್ತಿದರೆ ಅದರ ಆಕಾರ ಬಿಳಿಯಾಗಿ ಉಳಿದಿರುತ್ತದೆ. ಜಗಲಿಯಲ್ಲೇ ಮಾಡಿಸಿ. ಎಲೆ ಕೀಳುವಾಗ ಜಿಗಣೆ ನೋಡಿಕೊಳ್ಳಿ.

ಕುಶಾಲನಗರದಿಂದ: ಮೊಬೈಲಿನಲ್ಲಿ ಬರುವ ಇಂಥ ಸಲಹೆಗಳೆಲ್ಲ ಟಾಯ್ಲೆಟ್ ಪೇಪರಿನ ಖಾಲಿ ಸುರುಳಿಯಿಂದಲೇ ಶುರುವಾಗುತ್ತವೆ. ನಮ್ಮ ಮನೆಗಳಲ್ಲಿ ಅದೆಲ್ಲಿ? ಹೋಂಸ್ಟೇ ನಡೆಸುವ ನೆಂಟರಿದ್ದರೆ ಕೇಳಿ, ಚೀಲ ತುಂಬ ಕೊಡುತ್ತಾರೆ.

ಗೋಣಿಕೊಪ್ಪದಿಂದ ಒಬ್ಬ ತಾತ: ತೋಟದ ಮನೆಯವರಿಗೆ ಒಂದು ಮಾತು. ಎಲ್ಲ ಖಾಲಿ ಡಬ್ಬಿಯೂ ಮಕ್ಕಳ ಆಟಕ್ಕಲ್ಲ. ಔಷಧಿ ಹೊಡೆದ ಕ್ಯಾನು, ಬಾಟಲಿಗಳನ್ನು ಎಷ್ಟು ತೊಳೆದರೂ ಬಣ್ಣ ಕಲಸಲು ಕೊಡಬೇಡಿ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತ ಇದೆಯಲ್ಲ, ಅದರ ನೀಲಿ ಹರಳು ಕಂಡರೆ ಮಕ್ಕಳು ಕೈ ಹಾಕದೆ ಬಿಡುವುದಿಲ್ಲ. ಅದು ವಿಷ. ನಮ್ಮ ಮೊಮ್ಮಗ ಒಂದು ತುಂಡನ್ನು ಮುಷ್ಟಿಯಲ್ಲಿ ಹಿಡಿದು "ತಾತ, ನೀಲಿ ಬಣ್ಣ ಸಿಕ್ಕಿತು" ಎಂದು ಓಡಿ ಬಂದಿದ್ದ. ಕೈ ತೊಳೆಸುವಾಗ ನನ್ನ ಕೈಯೇ ನಡುಗುತ್ತಿತ್ತು. ಅಂದಿನಿಂದ ಆ ಕೋಣೆಗೆ ಬೀಗ.

ಕಿಟಕಿಗೆ ಬಳಿದು ಉಳಿದ ಹಳೆಯ ಪೈಂಟೂ ಬೇಡ. ಮನೆಗೆ ಬಳಿಯುವ ಪೈಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅಟ್ಟದ ಮೇಲಿನ ಡಬ್ಬಿ ಅದಕ್ಕಿಂತ ಹಿಂದಿನದಾಗಿದ್ದರೆ?

ಮಡಿಕೇರಿಯಿಂದ, ಎರಡು ದಿನದ ನಂತರ: ಎಲ್ಲರಿಗೂ ವಂದನೆಗಳು. ಕಾಫಿ ಬಣ್ಣದಲ್ಲಿ ಮಗಳು ಆನೆ ಬರೆದಳು. ಮಗ ಮೈದಾದ ಅರ್ಧವನ್ನು ರಟ್ಟಿಗೂ ಉಳಿದರ್ಧವನ್ನು ಕೂದಲಿಗೂ ಬಳಿದುಕೊಂಡ. ಅರಿಸಿನದ ಆಟ ನಿಲ್ಲಿಸಲು ಇಬ್ಬರೂ ಒಪ್ಪುತ್ತಿಲ್ಲ. ಆದರೆ ಗೋಡೆಗೂ ಅರಿಸಿನ ಹತ್ತಿದೆ. ಸೋಪು ಹಾಕಿ ಉಜ್ಜಿದೆ, ಕೆಂಪಾಯಿತು!

ನಾಪೋಕ್ಲಿನಿಂದ: ಸೋಪೂ ಸೋಡಾದ ಹಾಗೆಯೇ ಅಲ್ಲವೇ ಅಕ್ಕ, ಕೆಂಪಾಗದೆ ಇನ್ನೇನು. ನೀರಿನಲ್ಲಿ ಒರೆಸಿ ಬಿಟ್ಟುಬಿಡಿ, ಬಿಸಿಲು ಬಿದ್ದರೆ ಅರಿಸಿನ ತಾನಾಗಿ ಮಾಸುತ್ತದೆ. ಬಿಸಿಲು ಯಾವಾಗ ಎಂದು ಮಾತ್ರ ನನ್ನನ್ನು ಕೇಳಬೇಡಿ.